ಹನ್ನೆರಡನೇ ನಂಬರಿನ ಹಾಲು

ಮದ್ದೂರಿನ ಮೇಷ್ಟ್ರು ತೀರಿಕೊಂಡರಂತೆ ಎಂದು ಮೊನ್ನೆ ಡೈರಿಯಲ್ಲಿ ಹಾಲು ಅಳೆಯುವಾಗ ಯಾರೋ ಅಂದರು. ನಾನು ಕ್ಯಾನು ಕೆಳಗಿಟ್ಟು, "ಅಯ್ಯೋ, ನನ್ ಜಗಳ ಇನ್ನೂ ಮುಗ್ದಿರ್ನಿಲ್ವಲ್ಲ" ಎಂದುಬಿಟ್ಟೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ನಗಿಸಲೆಂದು ಹೇಳಿದ್ದಲ್ಲ.

ಮನೆಗೆ ಬಂದ ಮೇಲೆ ನೀವು ಕೇಳಿದಿರಿ: ಯಾರಜ್ಜಿ ಆ ಮೇಷ್ಟ್ರು, ಸತ್ತವರ ಮೇಲೆ ಯಾಕೆ ಸಿಟ್ಟು? ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ನಾಲ್ಕು ಜನ ಕೂತು ನನ್ನ ಮುಖ ನೋಡಿದರೆ ಮಾತು ಗಂಟಲಲ್ಲೇ ಇಂಗಿಹೋಗುತ್ತದೆ, ಆ ನಾಲ್ಕು ಜನ ನೀವೇ ಆಗಿದ್ದರೂ. ನಮ್ಮೂರ ಶಾಲೆಯಲ್ಲಿ ಕಲಿತ ಅಕ್ಷರ ಕೈಯಲ್ಲಿದೆ, ಬರೆದು ಕೊಡುತ್ತೇನೆ. ಅವರ ಹೆಸರು ಬರೆಯುವುದಿಲ್ಲ. ಅವರನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆದದ್ದೇ ಇಲ್ಲ. ಮಂಡ್ಯದ ಕಾಲೇಜೊಂದರಲ್ಲಿ ಕಂಪ್ಯೂಟರು ಕಲಿಸಿ, ಕೆಲಸ ಮುಗಿಸಿ, ಮದ್ದೂರಿನಲ್ಲಿ ಮನೆ ಮಾಡಿಕೊಂಡಿದ್ದವರು. ನಮಗೆ ಮದ್ದೂರಿನ ಮೇಷ್ಟ್ರು.

ನೀವಿನ್ನೂ ಹುಟ್ಟಿರಲಿಲ್ಲ. ನಮ್ಮ ಮಹಿಳಾ ಡೈರಿಯ ಲೆಕ್ಕಕ್ಕೆ ಕಂಪ್ಯೂಟರಿನಲ್ಲಿ ಪ್ರೋಗ್ರಾಮು ಬರೆದುಕೊಡಲು ಅವರನ್ನು ಕರೆಸಿದರು. ಹಲಗೂರು ದಾರಿಯ ಧೂಳನ್ನೆಲ್ಲ ತಲೆಯ ಮೇಲೆ ಹೊತ್ತು ಹಳೇ ಸ್ಕೂಟರಿನಲ್ಲಿ ಬರುತ್ತಿದ್ದರು. ಉದ್ದನೆಯ ಒಣ ಮನುಷ್ಯ. ಎರಡು ಖಾಲಿ ಕ್ಯಾನುಗಳ ಮೇಲೆ ಹಲಗೆ ಇಟ್ಟು ಅದರ ಮೇಲೆ ಲ್ಯಾಪ್‌ಟಾಪು ತೆರೆದರೆ, ಪಕ್ಕದಲ್ಲಿಟ್ಟ ಕಾಫಿಗೆ ಕೆನೆ ಕಟ್ಟಿ ನೊಣ ಬೀಳುವವರೆಗೆ ತಲೆ ಎತ್ತುತ್ತಿರಲಿಲ್ಲ. ಆಮೇಲೆ "ನೊಣ ಬಿದ್ದಿದೆಯಲ್ಲಮ್ಮ" ಎಂದು ನಮಗೇ ಗದರುವರು. ಏನಾದರೂ ಕೇಳಿದರೆ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು, "ಇಲ್ಲ" ಎನ್ನುವರು. ಕನ್ನಡಕ ಮೂಗಿನಿಂದ ಇಳಿಯಿತೆಂದರೆ ಉತ್ತರಕ್ಕೆ ಕಾಯುವ ಕೆಲಸವೇ ಇರಲಿಲ್ಲ.

ಮೊದಲ ದಿನ ಎಲ್ಲ ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ ಹೆಸರು, ಗಂಡನ ಹೆಸರು ಕೇಳಿದರು. ನಮ್ಮಲ್ಲಿ ಗಂಡನ ಹೆಸರು ಹೇಳುವ ಹೆಂಗಸು ಯಾರಿದ್ದರು? ಪಕ್ಕದ ಮನೆ ಚಿಕ್ಕತಾಯಮ್ಮ ಸೆರಗು ಕಚ್ಚಿಕೊಂಡು, "ಸಿವನ ಮುಂದೆ ಕೂತದಲ್ಲ ಸಾ, ಅದೇಯ" ಅಂದಳು. ಅವಳ ಗಂಡ ಬಸವಯ್ಯ. ಮೇಷ್ಟ್ರು 'ನಂದಿ' ಎಂದು ಬರೆದುಕೊಂಡರು. ವರ್ಷವಿಡೀ ಅವಳ ಹಾಲಿನ ಚೀಟಿಯಲ್ಲಿ ಗಂಡನ ಹೆಸರು ನಂದಿ ಅಂತಲೇ ಬಂತು. ಬಸವಯ್ಯ ಡೈರಿಗೆ ಬಂದು ಕೂಗಾಡಿದ. ಮೇಷ್ಟ್ರು ತಣ್ಣಗೆ, "ನಾನೇನು ಮಾಡಲಿ? ನಿಮ್ಮ ಮನೆಯವರು ಹೇಳಿದ್ದನ್ನ ಬರೆದಿದ್ದೀನಿ. ಊಹೆ ಮಾಡೋದು ನನ್ನ ಕೆಲಸ ಅಲ್ಲ" ಎಂದರು. ನಂದಿ ಎಂದು ಊಹಿಸಿದ್ದು ಯಾರೆಂದು ಕೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಅವರು ತಿಳಿಸಿ ಹೇಳಿದ್ದು ಇಷ್ಟು. ಇಂಥ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಮೊದಲೇ ಕಟ್ಟಿಟ್ಟ ಚೌಕಟ್ಟೊಂದು ಸಿಗುತ್ತದೆ, ಅದರೊಳಗೆ ನಮ್ಮ ಡೈರಿಯನ್ನು ಕೂರಿಸಿದರಾಯಿತು. ಆ ಚೌಕಟ್ಟು ಪ್ರತಿಯೊಬ್ಬರಿಗೂ ಒಂದು ಸಾಲು ಕೊಟ್ಟು, ಸಾಲಿಗೊಂದು ನಂಬರನ್ನು ತಾನೇ ಹಾಕುತ್ತದೆ. ಹಳೇ ಲೆಕ್ಕದ ಪುಸ್ತಕಗಳಲ್ಲಿರುವ ಹಾಲೂ ಸೇರಿ, ಯಾರು ಯಾವತ್ತು ಎಷ್ಟು ಹಾಲು ಹಾಕಿದರೂ ಆ ನಂಬರಿಗೆ ಕಟ್ಟಿಕೊಳ್ಳುತ್ತದೆ. ಫೋನಿನಲ್ಲಿ ನಮ್ಮ ಪುಟ ತೆರೆದರೆ ಮೇಲಿನ ವಿಳಾಸದ ಗೆರೆಯ ಕೊನೆಯಲ್ಲಿ ಅದೇ ನಂಬರು ಕಾಣುತ್ತದೆ.

"ಯಾವ್ ನಂಬರು? ನಮ್ಗೆ ನಂಬರು ಅದಲ್ಲ" ಎಂದಳು ಚಿಕ್ಕತಾಯಮ್ಮ.

"ಅದು ಡೈರಿ ನಂಬರಮ್ಮ. ಇದು ಬೇರೆ."

"ಬ್ಯಾರೆ ಯಾಕೆ ಸಾ? ನನ್ ಗಂಡನ್ ಬೇಕಾದ್ರೆ ಬದ್ಲಾಯ್ಸಿ, ನಂಬರ ಮಾತ್ರ ಮುಟ್ಬ್ಯಾಡಿ."

ಎಲ್ಲರೂ ಹೂಂಗುಟ್ಟಿದರು. ಏಳು ಜನ ಜಯಮ್ಮಂದಿರಿದ್ದ ಊರಿನಲ್ಲಿ ನಂಬರೇ ನಮ್ಮ ಹೆಸರಾಗಿತ್ತು. ಮೇಷ್ಟ್ರು ನಮ್ಮ ಮುಖಗಳನ್ನೆಲ್ಲ ಒಮ್ಮೆ ನೋಡಿದರು. ಆ ಒಂದು ದಿನ ಮಾತ್ರ ಕನ್ನಡಕ ತೆಗೆಯಲಿಲ್ಲ. "ಆಯ್ತು ಬುಡಿ" ಎಂದವರೇ, ಚೌಕಟ್ಟು ಕೊಡುವ ನಂಬರನ್ನು ನಿಲ್ಲಿಸಿ, ನಮ್ಮ ಡೈರಿ ನಂಬರನ್ನೇ ಸಾಲಿನ ನಂಬರು ಮಾಡಿದರು. ನಮಗೆಲ್ಲ ಗೆದ್ದಷ್ಟು ಸಂತೋಷ.

ನಮ್ಮ ಮನೆಯದು ಹನ್ನೆರಡು. ನಂಬರು ನಿಮ್ಮ ಮುತ್ತಜ್ಜಿಯ, ಅಂದರೆ ನನ್ನ ಅತ್ತೆಯ ಹೆಸರಿನಲ್ಲಿತ್ತು. ಡೈರಿ ಶುರುವಾದಾಗ ಮೊದಲ ಸಾಲಿನಲ್ಲಿ ಸೇರಿದವರು ಅವರು. ಆದರೆ ಬಾವಿಕಟ್ಟೆಯಲ್ಲಿ ಬಿದ್ದು ಬಲಗೈ ಮುರಿದ ಮೇಲೆ ಅವರಿಗೆ ಕೆಚ್ಚಲು ಹಿಡಿಯಲಾಗಲಿಲ್ಲ. ಅಂದಿನಿಂದ ಕರೆದದ್ದು, ಹೊತ್ತದ್ದು, ಬೂಸಾ ನೆನೆಸಿದ್ದು, ಕರು ಹಾಕುವಾಗ ಹಸುವಿನ ಬಾಲದ ಹಿಂದೆ ಕೂತದ್ದು ನಾನು. ನಿಮ್ಮ ತಾತ ತೀರಿಕೊಂಡ ವಾರವೂ ಕರೆದಿದ್ದೇನೆ, ಹಸುವಿಗೆ ಸೂತಕ ಗೊತ್ತಿಲ್ಲ. ಡೈರಿಯಲ್ಲಿ ಹಾಲು ಪರೀಕ್ಷಿಸುವ ಟೆಸ್ಟರು ನನ್ನನ್ನು ಕಂಡರೆ "ಅನ್ನೆರಡು ಬಂತು" ಎನ್ನುತ್ತಿದ್ದ. ನಾನು ತಲೆ ಬಗ್ಗಿಸಿಕೊಂಡು ಕ್ಯಾನು ಮುಂದಿಡುತ್ತಿದ್ದೆ. ಮಾತಾಡುವ ಅಗತ್ಯವಿಲ್ಲದ ಹೆಸರು ಅದು. ನನ್ನಂಥವಳಿಗೆ ಎಷ್ಟು ಅನುಕೂಲವಾಗಿತ್ತು ಅಂದರೆ ನಿಮಗೆ ಅರ್ಥವಾಗುವುದಿಲ್ಲ.

ನಿಮ್ಮ ಮುತ್ತಜ್ಜಿ ಹೋದರು. ತಿಥಿ ಮುಗಿಸಿ ಹಾಲು ತೆಗೆದುಕೊಂಡು ಹೋದರೆ ಕಂಪ್ಯೂಟರು ಹನ್ನೆರಡನ್ನು ತೆಗೆದುಕೊಳ್ಳಲಿಲ್ಲ. ತೀರಿಕೊಂಡವರ ಸಾಲು ಮುಚ್ಚಿತ್ತು. ಮೇಷ್ಟ್ರಿಗೆ ಫೋನು ಹೋಯಿತು, ಮೇಷ್ಟ್ರು ಬಂದರು. ಅಷ್ಟರಲ್ಲಿ ನಿಮ್ಮ ಚಿಕ್ಕತಾತನೂ ಬಂದು ನಿಂತಿದ್ದ. ನನ್ನ ಮೈದುನ ಕೆಟ್ಟವನಲ್ಲ. ಇಸ್ತ್ರಿ ಮಾಡಿದ ಅಂಗಿ, ಅರಳಿಕಟ್ಟೆ, ಇಸ್ಪೀಟು, ಇಷ್ಟರಲ್ಲಿ ಅವನ ದಿನ ಮುಗಿಯುತ್ತಿತ್ತು. ನಮ್ಮ ಡೈರಿಯಲ್ಲಿ ಸತ್ತ ಸದಸ್ಯೆಯ ಜಾಗಕ್ಕೆ ಮನೆಯ ಗಂಡಸು ಬರಬಹುದೆಂಬ ವಾಡಿಕೆ ಇತ್ತು, ಹಳೇ ನಂಬರಿನವರು ಮಾತ್ರ ಡೈರಿಯ ಕಮಿಟಿಗೆ ನಿಲ್ಲಬಹುದೆಂಬ ಕಟ್ಟಳೆಯೂ ಇತ್ತು. ಅವನ ಕಣ್ಣು ಕಮಿಟಿ ಕುರ್ಚಿಯ ಮೇಲೆ.

"ಅವ್ವನ್ ನಂಬರು ಮಗನಿಗೆ ತಾನೇ ಬರ್ಬೇಕು ಸಾ?" ಎಂದ.

ನಾನು ಕಂಬದ ಹಿಂದೆ ನಿಂತಿದ್ದೆ. ಚಿಕ್ಕತಾಯಮ್ಮ ನನ್ನನ್ನು ಮುಂದೆ ತಳ್ಳಿ, "ಇವ್ಳು ಕರ್ದಿರೋದು ಕಣ್ಲಾ, ಇವ್ಳಿಗೆ ಬರ್ಬೇಕು" ಎಂದಳು.

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು. "ಇಬ್ಬರಿಗೂ ಇಲ್ಲ."

ಡೈರಿಯ ಸೆಕ್ರೆಟರಿಗೆ ರೇಗಿತು. "ಏನ್ ಸ್ವಾಮಿ, ಒಂದ್ ಎಸರು ಅಳಿಸಿ ಇನ್ನೊಂದ್ ಎಸರು ಬರೆಯಕ್ಕೆ ಏನ್ ರೋಗ?"

"ಹೆಸರು ಅಳಿಸಿದ್ರೆ ಆ ಸಾಲಿನ ಹಿಂದೆ ಇರೋ ಹಾಲೆಲ್ಲ ಹೊಸ ಹೆಸರಿಗೆ ಹೋಗುತ್ತೆ ಸ್ವಾಮಿ. ಸಾಲು ಅಂದ್ರೆ ಒಬ್ಬ ಮನುಷ್ಯ. ಒಬ್ಬ ಮನುಷ್ಯನ ಅಂಗಿ ತೆಗೆದು ಇನ್ನೊಬ್ಬನಿಗೆ ಹಾಕಬಹುದು. ಚರ್ಮ ತೆಗೆದು ಹಾಕೋಕಾಗುತ್ತಾ?"

ನನಗೆ ಇನ್ನೂರ ಹದಿನಾಲ್ಕು ಎಂಬ ಹೊಸ ನಂಬರು ಕೊಟ್ಟು, ಸ್ಕೂಟರು ಹತ್ತಿ ಹೊರಟೇಹೋದರು. ಮಾರನೆಯ ದಿನ ಟೆಸ್ಟರು ನನ್ನ ಮುಖ ನೋಡಿ ಅಭ್ಯಾಸಬಲದಿಂದ "ಅನ್ನೆರಡು" ಅಂದು, ನಾಲಿಗೆ ಕಚ್ಚಿಕೊಂಡು, "ಅಲ್ಲಲ್ಲ, ಇನ್ನೂರ ಅದಿನಾಕು" ಅಂದ. ನಿನ್ನೆ ಮೊನ್ನೆ ಮದುವೆಯಾಗಿ ಬಂದ ಹುಡುಗಿಯರಿಗೂ ನನಗಿಂತ ಹಳೇ ನಂಬರು. ಫೋನಿನಲ್ಲಿ ನನ್ನ ಪುಟ ತೆರೆದರೆ, 'ಸೇರಿದ್ದು: ಈ ತಿಂಗಳು' ಎಂದಿತ್ತು. ನನ್ನ ಅಂಗೈ ನೋಡಿಕೊಂಡೆ. ಈ ತಿಂಗಳು ಸೇರಿದವಳ ಕೈಯೇ ಇದು?

ಆ ವಾರ ಅವರು ಬಂದಾಗ ನಾನು ಡೈರಿಯಲ್ಲಿ ಮಾತಾಡಲಿಲ್ಲ. ಅವರೇ ನಮ್ಮ ಕೊಟ್ಟಿಗೆಯವರೆಗೆ ಬಂದರು. ಒಳಗೆ ಕರೆಯಲಿಲ್ಲ ನಾನು. ಸಗಣಿ ಬಾಚುತ್ತಲೇ ಇದ್ದೆ. ಅವರು ಹಸುವಿನ ಕಿವಿಯಲ್ಲಿದ್ದ ಹಳದಿ ಬಿಲ್ಲೆ ತೋರಿಸಿದರು.

"ಇದು ಸತ್ತರೆ ಈ ಬಿಲ್ಲೇನ ಇನ್ನೊಂದು ಹಸುವಿನ ಕಿವಿಗೆ ಹಾಕ್ತೀರೇನಮ್ಮ?"

"ಇಲ್ಲ."

"ಈ ಗೂಟಕ್ಕೆ ಇನ್ನೊಂದು ಹಸು ಕಟ್ತೀರಾ?"

"ಕಟ್ತೀವಿ."

"ಹಂಗೆ. ಕಂಪ್ಯೂಟರಿನ ನಂಬರು ಕಿವಿ ಬಿಲ್ಲೆ. ನಿಮ್ಮ ಡೈರಿ ನಂಬರು ಗೂಟ. ಗೂಟ ಒಬ್ಬರಿಂದ ಒಬ್ಬರಿಗೆ ಹೋಗಬಹುದು, ತಪ್ಪೇನಿಲ್ಲ. ನಾನು ಅವತ್ತು ನಿಮ್ಮೆಲ್ಲರ ಮಾತು ಕೇಳಿ ಗೂಟ ತಗೊಂಡು ಕಿವಿಗೆ ಚುಚ್ಚಿಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಹಿಂಗೆ ಮಾಡಬೇಡಿ ಅಂತ ಪಾಠ ಹೇಳಿದವನು ನಾನೇ ಮಾಡಿಬಿಟ್ಟೆ." ಹೀಗೆ ಹೇಳುವಾಗ ಅವರ ಮುಖ ಹಲ್ಲುನೋವಿನವರಂತಿತ್ತು. "ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಒಂದು ತಿಂಗಳು ಕೊಡಿ ಅಂದ್ರೆ ನಿಮ್ಮ ಸೆಕ್ರೆಟರಿ ಕೊಡಲ್ಲ ಅಂತಾನೆ."

"ಅಲ್ಲೀತನಕ ನನ್ ಗತಿ?"

"ಇನ್ನೂರ ಹದಿನಾಲ್ಕು."

ಪೊರಕೆಯನ್ನು ಅವರ ಕಾಲ ಮೇಲೆ ಎಸೆಯುವಷ್ಟು ಸಿಟ್ಟು ಬಂತು. ಗೊತ್ತಿದ್ದೂ ಮಾಡದ ಮನುಷ್ಯನಿಗಿಂತ ಗೊತ್ತಿಲ್ಲದ ಮನುಷ್ಯ ವಾಸಿ ಅನ್ನಿಸಿತು. ಆದರೆ ಅವರು ಹೋಗುವಾಗ ಹಸುವಿನ ಹಣೆ ಸವರಿದರು, ಅದು ಹೊಸಬರನ್ನು ಹತ್ತಿರ ಸೇರಿಸದ ಹಸು, ಸುಮ್ಮನೆ ನಿಂತಿತು. ಅದಕ್ಕೂ ನನಗೆ ಸಿಟ್ಟೇ ಬಂತು.

ಸೆಕ್ರೆಟರಿ ಕಾಯಲಿಲ್ಲ. ಮಳವಳ್ಳಿಯಿಂದ ಯಾರನ್ನೋ ಕರೆತಂದ. ಆತ ಬಂದು, ಟೀ ಕುಡಿಯುವಷ್ಟರಲ್ಲಿ ಹನ್ನೆರಡರ ಮುಂದಿದ್ದ ನಿಮ್ಮ ಮುತ್ತಜ್ಜಿಯ ಹೆಸರು ಅಳಿಸಿ, ನಿಮ್ಮ ಚಿಕ್ಕತಾತನ ಹೆಸರು ಹಾಕಿ, ಬಸ್ಸು ಹತ್ತಿದ. "ನೋಡುದ್ರಾ, ಇಷ್ಟೇ ಕೆಲ್ಸ. ಆ ಮೇಷ್ಟ್ರು ತಿಂಗಳು ಕೇಳ್ತಾರೆ" ಎಂದು ಸೆಕ್ರೆಟರಿ ಊರೆಲ್ಲ ಹೇಳಿಕೊಂಡು ಬಂದ. ಮೇಷ್ಟ್ರಿಗೆ ತಿಳಿದು, ಇನ್ನು ನಿಮ್ಮ ಡೈರಿಯ ಮೆಟ್ಟಿಲು ಹತ್ತುವುದಿಲ್ಲ ಎಂದು ಫೋನಿನಲ್ಲೇ ಹೇಳಿದರಂತೆ.

ಆ ವರ್ಷದ ಸರ್ವಸದಸ್ಯರ ಸಭೆ ಶಾಲೆಯ ಮುಂದೆ ಶಾಮಿಯಾನದ ಕೆಳಗೆ ನಡೆಯಿತು. ಎಲ್ಲರಿಗಿಂತ ಹೆಚ್ಚು ವರ್ಷ ಹಾಲು ಹಾಕಿದವರಿಗೆ ಸನ್ಮಾನ ಎಂದು ಮೈಕಿನಲ್ಲಿ ಕೂಗಿದರು. ಸೆಕ್ರೆಟರಿ ಕಂಪ್ಯೂಟರು ಕೊಟ್ಟ ಹೆಸರನ್ನು ಹಾಗೇ ಓದಿದ. ನಿಮ್ಮ ಚಿಕ್ಕತಾತನ ಹೆಸರು!

ನನ್ನ ಮೈದುನನೇ ಬೆಚ್ಚಿಬಿದ್ದ. ಒಂದು ಗಳಿಗೆ ಅತ್ತಿತ್ತ ನೋಡಿದ. ಆಮೇಲೆ ಅಂಗಿಯ ಕಾಲರು ಸರಿಮಾಡಿಕೊಂಡು ಎದ್ದು ಹೋಗಿ ಕುರ್ಚಿಯಲ್ಲಿ ಕೂತ. ಶಾಲು ಹೊದಿಸಿದರು, ಹಾರ ಹಾಕಿದರು. ಅಧ್ಯಕ್ಷರು ಅವನ ಕೈ ಹಿಡಿದೆತ್ತಿ, "ಈ ಕೈಗಳು ಊರಿಗೆ ಹಾಲುಣಿಸಿದ ಕೈಗಳು" ಎಂದು ಭಾಷಣ ಶುರು ಮಾಡಿದರು. ಇಸ್ಪೀಟು ಕಲಸಿ ಕಲಸಿ ಮೆತ್ತಗಾದ ಕೈಗಳು ಅವು.

ನನಗೆ ಏನಾಯಿತೋ ಗೊತ್ತಿಲ್ಲ. ಎದ್ದು ನಿಂತಿದ್ದೆ. ಒಂದು ಮಾತು ಅಂದೆ ಅಂತ ಕಾಣುತ್ತದೆ, ಅದು ನನ್ನ ಮೂಗಿನ ತುದಿಯನ್ನೂ ದಾಟಲಿಲ್ಲ. ಪಕ್ಕದಲ್ಲಿದ್ದ ಚಿಕ್ಕತಾಯಮ್ಮನಿಗೆ ಮಾತ್ರ ಕೇಳಿಸಿತು. ಅವಳು ಮೈಕಿಲ್ಲದೆ ಮೈಕಿನಂತೆ ಕೂಗಿದಳು:

"ಕೇಳುಸ್ಕಳಿ ಎಲ್ರೂವೆ! ಅಸ ಇಡ್ಕೊಂಡ್ ಬತ್ತಾಳಂತೆ! ಆ ಶಾಲು ಒದ್ಕೊಂಡೇ ಕೂತ್ಕಂಡು ಒಂದ್ ಚೊಂಬು ಆಲು ಕರ್ದು ತೋರ್ಸಲಿ ಅಂತಾಳೆ!"

ಹೆಂಗಸರೆಲ್ಲ ಹೋ ಎಂದರು. ನನ್ನ ಮೈದುನ ಹಾರದೊಳಗಿಂದ, "ಅತ್ಗೆ, ಆ ಅಸ ಗಂಡಸ್ರ ಕಂಡ್ರೆ ಒದೀತದೆ ಕಣವ್ವ" ಎಂದ.

"ಎಂಗಸ್ರನ್ನೂ ಒದೀತದೆ ಕಣ್ಲಾ! ಅವ್ಳ ಮೊಣಕಾಲ್ ನೋಡೋಗು!" ಎಂದಳು ಚಿಕ್ಕತಾಯಮ್ಮ.

ನಾನು ಕುಸಿದು ಕೂತೆ. ನಗು ನಿಲ್ಲಿಸಲು ಅಧ್ಯಕ್ಷರಿಗೆ ಸಾಕುಬೇಕಾಯಿತು. ಶಾಲನ್ನು ಯಾರೂ ವಾಪಸು ಕೇಳಲಿಲ್ಲ, ನಿಮ್ಮ ಚಿಕ್ಕತಾತ ಈಗಲೂ ಚಳಿಗಾಲದಲ್ಲಿ ಅದನ್ನೇ ಹೊದೆಯುತ್ತಾನೆ. ಆದರೆ ಮದ್ದೂರಿಗೆ ಆಳು ಹೋಯಿತು, ಮೇಷ್ಟ್ರನ್ನು ಕರೆತನ್ನಿ ಎಂದು.

ಬಂದರು. ಬರುವುದಿಲ್ಲ ಎಂದವರು ಯಾಕೆ ಬಂದರೋ. ಯಾರೂ ಅವರ ಕ್ಷಮೆ ಕೇಳಲಿಲ್ಲ. ತಿಂಗಳು ಪೂರ್ತಿ ಡೈರಿಯ ಮೂಲೆಯಲ್ಲಿ ಕೂತು ಎಲ್ಲವನ್ನೂ ಬಿಚ್ಚಿದರು. ಪ್ರತಿಯೊಬ್ಬಳಿಗೂ ಚೌಕಟ್ಟೇ ಕೊಡುವ ಬೇರೆ ನಂಬರು ಹಾಕಿದರು, ಅದಕ್ಕೆ ಅರ್ಥವೂ ಇಲ್ಲ, ಆಸೆಪಡುವವರೂ ಇಲ್ಲ. ಡೈರಿ ನಂಬರನ್ನು ಪಕ್ಕದ ಕಾಲಮ್ಮಿಗೆ ಸರಿಸಿದರು. ಹಳೆಯ ಹಾಲನ್ನೆಲ್ಲ ಒಬ್ಬೊಬ್ಬರ ಹೊಸ ಸಾಲಿಗೆ ಕಟ್ಟಿದರು. ಮಧ್ಯೆ ಕರೆಂಟು ಹೋದರೆ ತಲೆಯ ಮೇಲೆ ಕೈಹೊತ್ತು ಕೂರುವರು. ಸೆಕ್ರೆಟರಿ "ಆಯ್ತಾ ಸಾ?" ಎಂದು ದಿನಾ ಕೇಳುವನು. ಇವರು ದಿನಾ ಕನ್ನಡಕ ತೆಗೆಯುವರು.

ಮುಗಿದ ದಿನ ನನ್ನನ್ನು ಕರೆಸಿ ಪುಟ ತೋರಿಸಿದರು. ನನ್ನ ಹೆಸರು. ಪಕ್ಕದಲ್ಲಿ, ಡೈರಿ ನಂಬರು ಹನ್ನೆರಡು. ಕಮಿಟಿ ಒಪ್ಪಿ ನನಗೇ ಬರೆದಿತ್ತು. ಟೆಸ್ಟರು ದೂರದಿಂದಲೇ "ಅನ್ನೆರಡು ಬಂತು" ಎಂದು ಹಲ್ಲು ಕಿರಿದ. ಕಣ್ಣು ತುಂಬಿ ಬಂದದ್ದು ನಿಜ. ಆದರೆ ಅಕ್ಷರ ಬಲ್ಲವಳು ನಾನು, ಕೆಳಗಿನದನ್ನೂ ಓದಿದೆ. 'ಸೇರಿದ್ದು' ಎಂಬಲ್ಲಿ ಅದೇ ತಿಂಗಳು, ಅದೇ ವರ್ಷ. ಅತ್ತೆ ಹೋದ ಮೇಲಿನದು.

"ಹಿಂದಿನ ಹಾಲು ಎಲ್ಲಿ ಸಾ?"

"ನಿಮ್ಮ ಅತ್ತೆಯವರ ಸಾಲಿನಲ್ಲಿದೆ. ಅವರ ಹೆಸರು ವಾಪಸು ಬಂತು ನೋಡಿ. ಯಾರೂ ಮುಟ್ಟಕ್ಕಾಗಲ್ಲ ಇನ್ನ."

"ಅವ್ರ ಕೈ ಮುರ್ದಿತ್ತು. ಕರ್ದೋಳು ನಾನು."

"ಇರಬಹುದಮ್ಮ. ಆದರೆ ಆ ಹಾಲು ಅವರ ಹೆಸರಿನಲ್ಲಿ ಬಂದಿದೆ. ಅದನ್ನ ನಿಮ್ಮ ಹೆಸರಿಗೆ ತಿರುಗಿಸಿದ್ರೆ ಮಳವಳ್ಳಿಯವನು ಮಾಡಿದ್ದಕ್ಕೂ ನಾನು ಮಾಡೋದಕ್ಕೂ ಏನು ವ್ಯತ್ಯಾಸ?"

ನನಗೆ ಜನ್ಮದಲ್ಲಿ ಎರಡನೆಯ ಸಲ ಮಾತು ಬಂತು. "ವ್ಯತ್ಯಾಸ ಅದೆ. ಅವ್ನು ಬರೆದಿದ್ದು ಸುಳ್ಳು. ನಾನ್ ಹೇಳ್ತಿರೋದು ನಿಜ."

ಅವರು ನನ್ನನ್ನೇ ನೋಡಿದರು. ಕನ್ನಡಕಕ್ಕೆ ಕೈ ಹಾಕಿ, ತೆಗೆಯದೆ, ಬೆರಳುಗಳನ್ನು ಬಿಟ್ಟುಬಿಟ್ಟರು. "ಸರಿ. 'ಕರೆದವರು' ಅಂತ ಇನ್ನೊಂದು ಕಾಲಮ್ಮು ಮಾಡ್ತೀನಿ. ಯಾವತ್ತಿನಿಂದ ಕರೆದದ್ದು ನೀವು? ತಾರೀಕು ಹೇಳಿ."

ತಾರೀಕು! ಬಾವಿಕಟ್ಟೆಯಲ್ಲಿ ಅತ್ತೆ ಬಿದ್ದ ದಿನದ ತಾರೀಕನ್ನು ಯಾರು ಇಟ್ಟುಕೊಂಡಿದ್ದಾರೆ? "ನನ್ ದೊಡ್ಮಗ ಅಂಬೆಗಾಲಿಡ್ತಿದ್ದ" ಎಂದೆ. ಮಗ ಹುಟ್ಟಿದ್ದು ಯಾವಾಗ ಎಂದು ಕೇಳಿದರು. ನಿಮ್ಮ ಅಪ್ಪ ಹುಟ್ಟಿದ್ದು ಕಬ್ಬು ಕಡಿಯುವಾಗ, ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ತಮಗೆ ತೋಚಿದ ತಾರೀಕು ಬರೆದುಕೊಂಡಿದ್ದರು. ಅದನ್ನೂ ಹೇಳಿದೆ.

"ಕಬ್ಬು ಕಡಿಯೋದು ಅಂತ ಬರೆಯೋಕಾಗಲ್ಲಮ್ಮ."

"ಆಗ್ದಿದ್ರೆ ನಿಮ್ ಕಂಪ್ಯೂಟರು ಬ್ಯಾಡ ಬುಡಿ."

"ವಿಚಾರಿಸಿ ಹೇಳಿ. ನಾನೆಲ್ಲೂ ಹೋಗಲ್ಲ, ಕಾಯ್ತೀನಿ" ಎಂದರು.

ವಿಚಾರಿಸಿದೆ. ಅತ್ತೆಯ ಕೈ ಕಟ್ಟಿದ ನಾಟಿ ವೈದ್ಯರು ಇರಲಿಲ್ಲ. ಚಿಕ್ಕತಾಯಮ್ಮ, "ಆ ವರ್ಸ ನಮ್ ಎಮ್ಮೆ ಅವಳಿ ಆಕಿತ್ತು ಕಣೆ" ಎಂದಳು, ಆದರೆ ಆ ವರ್ಷ ಯಾವುದೆಂದು ಅವಳಿಗೂ ಗೊತ್ತಿರಲಿಲ್ಲ. ನಿಮ್ಮ ಚಿಕ್ಕತಾತ, "ಏನೋ ಒಂದ್ ತಾರೀಕು ಯೋಳ್ಬುಡು ಅತ್ಗೆ, ಯಾರ್ ಕೇಳ್ತಾರೆ" ಎಂದ. ಒಂದು ಸುಳ್ಳು ತಾರೀಕು ಹೇಳಿದ್ದರೆ ಮೇಷ್ಟ್ರು ಬರೆದುಕೊಳ್ಳುತ್ತಿದ್ದರು. ಹೇಳಲು ನನಗೆ ಮನಸ್ಸಾಗಲಿಲ್ಲ. ಆ ಮನುಷ್ಯನ ಮುಂದೆ ಸುಳ್ಳು ಹೇಳಲು ಆಗುತ್ತಿರಲಿಲ್ಲ, ಅದೇ ಅವರ ಮೇಲೆ ನನಗಿದ್ದ ದೊಡ್ಡ ಸಿಟ್ಟು. ಮುಂದೆ ಅವರು ಬಂದಾಗಲೆಲ್ಲ, "ಸಿಕ್ತೇನಮ್ಮ ತಾರೀಕು?" ಎನ್ನುವರು. ಇಲ್ಲ ಎನ್ನುವ ಸರದಿ ನನ್ನದಾಯಿತು. ಕಾಲು ಬಾತು ಸ್ಕೂಟರು ಬಿಟ್ಟ ಮೇಲೂ ಡೈರಿಗೆ ಫೋನು ಮಾಡಿದರೆ ಕೊನೆಗೆ ಅದನ್ನೇ ಕೇಳುತ್ತಿದ್ದರಂತೆ.

ಈಗ ಕೇಳುವವರಿಲ್ಲ. ಸಿಟ್ಟು ಮಾಡಿಕೊಳ್ಳೋಣವೆಂದರೆ ಎದುರಿಗೆ ಆಳಿಲ್ಲ. ಡೈರಿಯಲ್ಲಿ ಯಾವಾಗಲಾದರೂ ನಿಮ್ಮ ಮುತ್ತಜ್ಜಿಯ ಪುಟ ತೆರೆದು ನೋಡಿ, ಉದ್ದಕ್ಕೆ ದಿನದಿನದ ಹಾಲು ಇಳಿದಿರುತ್ತದೆ. ಅವರು ಒಳ್ಳೆಯವರು, ಹೆಸರು ಅವರದೇ ಇರಲಿ, ನನಗೆ ಬೇಡ. ತಾರೀಕು ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಪುಟದ ಹಾಲು ಕರೆದದ್ದು ನಾನು. ಬೆಳಗಿನದೂ ನಾನೇ, ಸಂಜೆಯದೂ ನಾನೇ.